‘ಪ್ರೌಢರಿಗೆ ಮಾತ್ರ’ ಎಂಬ ಮೊಹರಿನ ಆಚೆ

ಭಾನುವಾರ ಬೆಳಿಗ್ಗೆ ಮಕ್ಕಳನ್ನು ಫುಟ್‌ಬಾಲ್ ತರಬೇತಿಗೆ ಬಿಟ್ಟು ಮೈದಾನದ ಅಂಚಿನ ಕಲ್ಲುಬೆಂಚಿನ ಮೇಲೆ ಕಾಯುವ ನಮ್ಮಂಥ ಪೋಷಕರ ನಡುವೆ ಸಾಮಾನ್ಯವಾಗಿ ನಡೆಯುವುದು ಟ್ಯೂಷನ್, ಟ್ರಾಫಿಕ್ ಮತ್ತು ಅಂಕಗಳ ಮಾತು. ಕಳೆದ ಬೇಸಿಗೆ ರಜೆಯಲ್ಲಿ ಮಾತ್ರ ಅಲ್ಲಿ ಒಂದು ಪುಟ್ಟ ಕದನವೇ ನಡೆದುಹೋಯಿತು. ಮಕ್ಕಳಿಗೆ ತರಬೇತಿ ಕೊಡುವ ಯುವಕ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಹಾಕಿದ್ದ. ರಜೆಯಲ್ಲಿ ಎಲ್ಲರೂ ‘ಟೆಡ್ ಲ್ಯಾಸೊ’ ಎಂಬ ಧಾರಾವಾಹಿಯನ್ನು ನೋಡಬೇಕು, ತಂಡ ಎಂದರೇನು ಎಂಬುದು ಅದರಿಂದ ತಿಳಿಯುತ್ತದೆ ಎಂದಿತ್ತು ಅದರಲ್ಲಿ. ಅವನ ಕೈಕೆಳಗೆ ಕಲಿಯುವ ಹುಡುಗರು ಹನ್ನೆರಡರಿಂದ ಹದಿನಾರು ವಯಸ್ಸಿನವರು. ಒಬ್ಬ ತಂದೆ ಅದೇ ರಾತ್ರಿ ಹನ್ನೆರಡರ ಮಗನೊಂದಿಗೆ ಮೊದಲ ಕಂತು ನೋಡಲು ಕೂತು, ಅದು ಮುಗಿಯುವ ಮೊದಲೇ ಟಿ.ವಿ. ಆರಿಸಿದರಂತೆ. ಮರುದಿನ ಗುಂಪಿನಲ್ಲಿ ಅವರ ಪ್ರಶ್ನೆ: ‘ಇದು ಪ್ರೌಢರಿಗೆ ಎಂದು ಅಲ್ಲೇ ಬರೆದಿದೆಯಲ್ಲ, ಕೋಚ್‌ಗೆ ಅಷ್ಟೂ ಓದಲು ಬರುವುದಿಲ್ಲವೇ?’

ಅಲ್ಲಿಂದ ಮುಂದೆ ನಡೆದದ್ದನ್ನು ಊಹಿಸುವುದು ಕಷ್ಟವಲ್ಲ. ತರಬೇತಿ ಸಂಸ್ಥೆಗೆ ದೂರು ಕೊಡಬೇಕು ಎಂದರು ಕೆಲವರು. ಇಂದಿನ ಮಕ್ಕಳು ನೋಡದೆ ಇರುವುದು ಏನಿದೆ ಎಂದು ನಕ್ಕರು ಇನ್ನು ಕೆಲವರು. ಆ ಯುವಕನಿಗೆ ಇಪ್ಪತ್ತಾರೋ ಇಪ್ಪತ್ತೇಳೋ ಇರಬಹುದು. ಮೂರು ಬಡಾವಣೆಗಳ ಮೈದಾನ ಸುತ್ತಿ, ಪಾಠ ಹೇಳಿ ಜೀವನ ನಡೆಸುವವನು. ಒಂದು ದೂರಿನಿಂದ ಅವನ ಕೆಲಸ ಹೋಗಬಹುದಿತ್ತು. ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಕಡೆ ತಿರುಗಿದ ಯಾರೋ, ‘ಮೇಡಂ, ನೀವೇ ಪೂರ್ತಿ ನೋಡಿ ಒಂದು ಮಾತು ಹೇಳಿಬಿಡಿ’ ಎಂದರು. ಒಪ್ಪಿಕೊಂಡೆ. ನನ್ನ ಮಗನಿಗೂ ಹದಿನೈದು. ಅವನಿಗೆ ಏನು ಹೇಳಬೇಕೆಂಬುದು ನನಗೂ ತಿಳಿಯಬೇಕಿತ್ತು.

ಧಾರಾವಾಹಿಯ ಪರಿಚಯವಿಲ್ಲದವರಿಗೆ ಎರಡು ಮಾತು. ಇದರ ಹುಟ್ಟು ಒಂದು ಜಾಹೀರಾತಿನಲ್ಲಿ. 2013ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಪಂದ್ಯಗಳನ್ನು ಅಮೆರಿಕದಲ್ಲಿ ತೋರಿಸಲು ಹೊರಟ ಎನ್‌ಬಿಸಿ ವಾಹಿನಿ, ಅಮೆರಿಕನ್ ಫುಟ್‌ಬಾಲ್‌ನ ಒಬ್ಬ ಪೆದ್ದು ಕೋಚ್ ಲಂಡನ್ನಿಗೆ ಬಂದು ಪೇಚಾಡುವ ತುಣುಕುಗಳನ್ನು ಮಾಡಿತು. ಆ ಪಾತ್ರ ಮಾಡಿದ ಜೇಸನ್ ಸುಡೇಕಿಸ್ ಮತ್ತು ಗೆಳೆಯರು ಅದನ್ನೇ ಬೆಳೆಸಿ 2020ರ ಆಗಸ್ಟ್‌ನಲ್ಲಿ ಆ್ಯಪಲ್‌ನ ಸ್ಟ್ರೀಮಿಂಗ್ ಸೇವೆಯಲ್ಲಿ ಧಾರಾವಾಹಿಯಾಗಿಸಿದರು. 2023ರ ಮೇ ವೇಳೆಗೆ ಮೂರು ಸೀಸನ್, ಒಟ್ಟು 34 ಕಂತುಗಳು ಬಂದವು. 2021 ಮತ್ತು 2022ರಲ್ಲಿ ಅತ್ಯುತ್ತಮ ಹಾಸ್ಯ ಧಾರಾವಾಹಿಗೆ ಕೊಡುವ ಎಮ್ಮಿ ಪ್ರಶಸ್ತಿ ಇದಕ್ಕೇ ಸಂದಿತು. 2025ರಲ್ಲಿ ನಾಲ್ಕನೆಯ ಸೀಸನ್ ಕೂಡ ಘೋಷಣೆಯಾಯಿತು. ನಾನು ಹೇಳುವುದೆಲ್ಲ ಮೊದಲ ಮೂರರ ಬಗ್ಗೆ.

ಕತೆ ಸರಳ. ವಿಚ್ಛೇದನ ಪಡೆದ ರೆಬೆಕಾ ಎಂಬ ಶ್ರೀಮಂತ ಮಹಿಳೆಗೆ ‘ಎ.ಎಫ್.ಸಿ. ರಿಚ್ಮಂಡ್’ ಎಂಬ ಕಾಲ್ಪನಿಕ ಕ್ಲಬ್ಬಿನ ಒಡೆತನ ಬರುತ್ತದೆ. ಮಾಜಿ ಗಂಡನ ಪ್ರೀತಿಯ ಕ್ಲಬ್ಬನ್ನು ಮುಳುಗಿಸಬೇಕೆಂದೇ ಅವಳು, ಆಫ್‌ಸೈಡ್ ಎಂದರೇನೆಂದು ಕೂಡ ಗೊತ್ತಿಲ್ಲದ ಟೆಡ್‌ನನ್ನು ಕೋಚ್ ಆಗಿ ಕರೆಸುತ್ತಾಳೆ. ಅವನೋ ಎಲ್ಲರನ್ನೂ ಒಳ್ಳೆಯವರೆಂದೇ ನಂಬುವವನು. ಬೆಳಿಗ್ಗೆ ಅವಳಿಗೆ ಬಿಸ್ಕತ್ತು ತಂದುಕೊಡುವ ಅವನ ಸಜ್ಜನಿಕೆಯನ್ನು ಮೊದಮೊದಲು ಎಲ್ಲರೂ ಆಡಿಕೊಂಡು ನಗುತ್ತಾರೆ. ಮೊದಲ ಸೀಸನ್ನಿನ ಕೊನೆಯಲ್ಲಿ ತಂಡ ಗೆಲ್ಲುವುದಿಲ್ಲ, ಕೆಳಗಿನ ದರ್ಜೆಗೆ ಇಳಿಯುತ್ತದೆ. ಕ್ರೀಡೆಯ ಕತೆಗಳಲ್ಲಿ ಇದು ಅಪರೂಪ. ಕೊನೆಯ ಓವರಿನ ಕೊನೆಯ ಚೆಂಡಿಗೆ ಸಿಕ್ಸರ್ ಬಾರಿಸುವ ನಾಯಕನನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಸೋತು ಕೂತ ಡ್ರೆಸ್ಸಿಂಗ್ ರೂಮನ್ನು ತೋರಿಸುವ ಕತೆಗಳು ಎಷ್ಟಿವೆ?

ಈಗ ಮೊಹರಿನ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಇದಕ್ಕೆ ಸಿಕ್ಕಿರುವ ದರ್ಜೆ ‘ಟಿವಿ-ಎಂಎ’. ಪ್ರೌಢ ಪ್ರೇಕ್ಷಕರಿಗಾಗಿ ಮಾಡಿದ್ದು, ಹದಿನೇಳಕ್ಕಿಂತ ಕಿರಿಯರಿಗೆ ತಕ್ಕುದಲ್ಲದಿರಬಹುದು ಎಂದು ಅದರ ಅರ್ಥ. ನಮ್ಮಲ್ಲಿ 2021ರ ಫೆಬ್ರುವರಿಯಲ್ಲಿ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳು ಸ್ಟ್ರೀಮಿಂಗ್ ಸೇವೆಗಳ ಮೇಲೆ ಒಂದು ಜವಾಬ್ದಾರಿ ಹೊರಿಸಿವೆ. ತಮ್ಮ ಕಾರ್ಯಕ್ರಮಗಳನ್ನು ಅವರೇ ‘ಯು’, ‘ಯು/ಎ 7+’, ‘ಯು/ಎ 13+’, ‘ಯು/ಎ 16+’, ‘ಎ’ ಎಂದು ವಿಂಗಡಿಸಬೇಕು, 13+ ಮತ್ತು ಅದರ ಮೇಲಿನ ಕಾರ್ಯಕ್ರಮಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯ ಒದಗಿಸಬೇಕು. 2023ರ ತಿದ್ದುಪಡಿ ಕಾಯ್ದೆಯ ನಂತರ ಸಿನಿಮಾಗಳಿಗೂ ಇಂಥದೇ ವಯೋಮಿತಿಗಳು ಬಂದಿವೆ. ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸಿನಿಮಾಕ್ಕೆ ಮೊಹರು ಒತ್ತುವುದು ಸರ್ಕಾರ ನೇಮಿಸಿದ ಮಂಡಳಿ. ಸ್ಟ್ರೀಮಿಂಗ್‌ನಲ್ಲಿ ಮೊಹರು ಒತ್ತುವುದು ಮಾರುವವರೇ. ಇದನ್ನು ಅನುಮಾನಿಸಬೇಕೆಂದು ನಾನು ಹೇಳುತ್ತಿಲ್ಲ. ತಂಟೆ ಬೇಡವೆಂದು ಮೇಲಿನ ದರ್ಜೆಯ ಮೊಹರು ಒತ್ತುವುದೂ ಮಾರುವವರಿಗೆ ಸುಲಭವೇ.

ಆ ನಿಯಮಗಳ ಅನುಬಂಧವನ್ನು ನಾನು ಕುತೂಹಲದಿಂದ ಓದಿದೆ. ಕಾರ್ಯಕ್ರಮದ ಸಂದರ್ಭ, ವಸ್ತು, ಧಾಟಿ ಮತ್ತು ಅದು ಮಾಡುವ ಪರಿಣಾಮವನ್ನು ನೋಡಿ ವಿಂಗಡಿಸಬೇಕು ಎಂದು ಅಲ್ಲಿ ವಿವೇಕದಿಂದಲೇ ಹೇಳಲಾಗಿದೆ. ಆದರೆ ಪರದೆಯ ಮೂಲೆಯಲ್ಲಿ ಕೆಲವು ಕ್ಷಣ ಮಿಂಚಿ ಮರೆಯಾಗುವ ಸೂಚನೆಯಲ್ಲಿ ಸಂದರ್ಭವೂ ಇಲ್ಲ, ಧಾಟಿಯೂ ಇಲ್ಲ. ಭಾಷೆ, ಕಾಮ, ಮದ್ಯ ಎಂಬ ನಾಲ್ಕಾರು ಶಬ್ದಗಳಷ್ಟೇ ಉಳಿದಿರುತ್ತವೆ. ನಾವು ಚಿಕ್ಕವರಿದ್ದಾಗ ಇದರ ಚಿಂತೆಯೇ ಇರಲಿಲ್ಲ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದಾಗ ಸ್ವಾಮಿಯ ಕ್ರಿಕೆಟ್ ತಂಡದ ಪಾಡನ್ನು ಅಜ್ಜಿಯಿಂದ ಮೊಮ್ಮಗಳವರೆಗೆ ಒಂದೇ ಕೋಣೆಯಲ್ಲಿ ಕೂತು ನೋಡಿದೆವು. ಆಗ ಮನೆಗೆ ಒಂದು ಟಿ.ವಿ. ಈಗ ಕೈಗೊಂದು ಪರದೆ. ಪಕ್ಕದಲ್ಲಿ ಇರುತ್ತಿದ್ದ ಮನುಷ್ಯರ ಜಾಗಕ್ಕೆ ಮೊಹರು ಬಂದಿದೆ.

ಬೈಗುಳದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ತಂದೆ ಟಿ.ವಿ. ಆರಿಸಿದ್ದು ಅದಕ್ಕೇ. ಬೈಗುಳ ಇದೆ, ಧಾರಾಳವಾಗಿಯೇ ಇದೆ. ರಾಯ್ ಕೆಂಟ್ ಎಂಬ ಮುಂಗೋಪಿ ಹಿರಿಯ ಆಟಗಾರನ ಬಾಯಲ್ಲಿ ಒಂದು ನಿರ್ದಿಷ್ಟ ಇಂಗ್ಲಿಷ್ ಪದ ನಾಮಪದ, ಕ್ರಿಯಾಪದ, ವಿಶೇಷಣ ಎಲ್ಲವೂ ಆಗುತ್ತದೆ. ಇದನ್ನು ನೋಡುವಾಗ ನನಗೆ ನನ್ನ ಬಗ್ಗೆಯೇ ಒಂದು ವಿಚಿತ್ರ ಗಮನಕ್ಕೆ ಬಂತು. ಆ ಪದ ನನಗೆ ಹೆಚ್ಚೇನೂ ನಾಟಲಿಲ್ಲ. ಅದೇ ಅರ್ಥದ ಕನ್ನಡ ಮಾತು ಒಂದೇ ಒಂದು ಸಲ ನಮ್ಮ ಹಾಲ್‌ನಲ್ಲಿ ಕೇಳಿಸಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಇಂಗ್ಲಿಷಿನ ಬೈಗುಳ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ಬಗೆಯ ಮಡಿ ಬಟ್ಟೆ ಉಟ್ಟುಕೊಂಡು ಓಡಾಡುತ್ತದೆ. ಮಕ್ಕಳಂತೂ ಅದನ್ನು ಅಲ್ಪವಿರಾಮದಂತೆ ಬಳಸುತ್ತಾರೆ. ಇಂಗ್ಲಿಷ್ ಬಾರದ ನನ್ನ ತಾಯಿ ಮಾತ್ರ, ಮೂಲೆಯಲ್ಲಿ ಹೂ ಕಟ್ಟುತ್ತ ಕೂತವರು, ಎರಡನೆಯ ದಿನ ಕೇಳಿದರು: ‘ಆ ಗಡ್ಡದವನಿಗೆ ಏನು ಸಂಕಟ? ಯಾವಾಗ ನೋಡಿದರೂ ಬೈತಾನಲ್ಲ?’ ಪದ ತಿಳಿಯದಿದ್ದರೂ ಅವರಿಗೆ ಧಾಟಿ ತಿಳಿದಿತ್ತು. ನನಗೆ ಪದ ತಿಳಿದೂ ಧಾಟಿ ಕೇಳಿಸದಷ್ಟು ಅಭ್ಯಾಸವಾಗಿಹೋಗಿತ್ತು.

ಧಾರಾವಾಹಿಗೂ ಈ ಸಮಸ್ಯೆಯ ಅರಿವಿದೆ. ರಾಯ್‌ಗೆ ಫೀಬಿ ಎಂಬ ಪುಟ್ಟ ಸೋದರ ಸೊಸೆ ಇದ್ದಾಳೆ. ಅವಳೂ ಶಾಲೆಯಲ್ಲಿ ಬೈಯತೊಡಗಿ ಶಿಕ್ಷಕಿ ಇವನನ್ನು ಕರೆಸುತ್ತಾರೆ. ಮಗು ಕಲಿತದ್ದು ತನ್ನಿಂದಲೇ ಎಂದು ಅವನಿಗೆ ತಿಳಿಯುವ ಆ ಸನ್ನಿವೇಶವನ್ನು ಹದಿನೈದರ ಹುಡುಗ ನೋಡಲಿ ಎಂದೇ ನನ್ನ ಆಸೆ. ಆದರೆ ಹನ್ನೆರಡರ ಹುಡುಗನಿಗೆ ಉಳಿಯುವುದು ಆ ಅರಿವಲ್ಲ, ಆ ಪದ. ವಯಸ್ಸಿನ ಅಂತರ ನಿಜವಾಗಿ ಕೆಲಸ ಮಾಡುವುದು ಇಂಥಲ್ಲಿ.

ಕಾಮದ ಮಾತೂ ಹಾಗೆಯೇ. ತೋರಿಸುವುದಕ್ಕಿಂತ ಆಡುವುದು ಹೆಚ್ಚು. ಡ್ರೆಸ್ಸಿಂಗ್ ರೂಮಿನ ಪೋಲಿ ಹಾಸ್ಯ, ಯಾರು ಯಾರೊಂದಿಗೆ ರಾತ್ರಿ ಕಳೆದರು ಎಂಬ ಮುಚ್ಚುಮರೆಯಿಲ್ಲದ ಚರ್ಚೆ. ‘ಕುಟುಂಬ ಸಮೇತ’ ನೋಡಿದ ನಮ್ಮ ಎಷ್ಟೋ ಸಿನಿಮಾಗಳ ದ್ವಂದ್ವಾರ್ಥದ ಹಾಸ್ಯಕ್ಕೆ ಹೋಲಿಸಿದರೆ ಇದರಲ್ಲಿ ಹೆಣ್ಣನ್ನು ಹೀಗಳೆಯುವ ನಗು ಕಡಿಮೆ. ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ನನ್ನನ್ನು ನಿಜವಾಗಿ ಕಾಡಿದ್ದು ಮೊಹರಿನಲ್ಲಿ ಹೆಸರೇ ಇಲ್ಲದ ಸಂಗತಿ. ಎರಡನೆಯ ಸೀಸನ್ನಿನಲ್ಲಿ ರೆಬೆಕಾ ಒಂದು ಡೇಟಿಂಗ್ ಆ್ಯಪ್‌ನಲ್ಲಿ ಮುಖ ಕಾಣದ ಗೆಳೆಯನೊಂದಿಗೆ ಮಾತಿಗೆ ತೊಡಗುತ್ತಾಳೆ. ಅವನು ಬೇರೆ ಯಾರೂ ಅಲ್ಲ, ಅವಳದೇ ತಂಡದ ನೈಜೀರಿಯಾದ ಹುಡುಗ, ಇಪ್ಪತ್ತೊಂದರ ಸ್ಯಾಮ್. ಗುರುತು ತಿಳಿದ ಮೇಲೂ ಇಬ್ಬರ ಸಂಬಂಧ ಮುಂದುವರಿಯುತ್ತದೆ. ಅವಳು ವಯಸ್ಸಿನಲ್ಲಿ ತುಂಬ ಹಿರಿಯಳು. ಅದಕ್ಕಿಂತ ಮುಖ್ಯವಾಗಿ ಅವನಿಗೆ ಸಂಬಳ ಕೊಡುವವಳು, ಬೇಡವೆಂದರೆ ಬೇರೆ ಕ್ಲಬ್ಬಿಗೆ ಮಾರಬಲ್ಲವಳು. ಕಾನೂನಿನ ದೃಷ್ಟಿಯಲ್ಲಿ ತಪ್ಪೇನಿಲ್ಲ. ಅವಳೇ ಅಳುಕಿ ಹಿಂದೆ ಸರಿಯುವುದೂ ಉಂಟು. ಆದರೂ ಧಾರಾವಾಹಿ ಇದನ್ನು ಹೂವಿನಂಥ ಪ್ರೇಮವಾಗಿ, ಮಧುರ ಸಂಗೀತ ಹಚ್ಚಿ ತೋರಿಸುತ್ತದೆ. ಒಡೆಯ ಗಂಡಸಾಗಿ, ಆಟಗಾರ್ತಿ ಇಪ್ಪತ್ತೊಂದರ ಹುಡುಗಿಯಾಗಿದ್ದರೆ ನಾವು ಯಾರಾದರೂ ಇದನ್ನು ಮಧುರ ಎನ್ನುತ್ತಿದ್ದೆವೆ? ಬೈಗುಳವನ್ನು ಹದಿಹರೆಯದವರು ಬೈಗುಳವೆಂದು ಗುರುತಿಸಬಲ್ಲರು. ಅಧಿಕಾರ ಇರುವವರು ಪ್ರೀತಿಯ ವೇಷದಲ್ಲಿ ಬಂದರೆ ಗುರುತಿಸುವುದು ಕಷ್ಟ. ತರಬೇತಿ ಕೇಂದ್ರಗಳಿಗೆ ಮಕ್ಕಳನ್ನು ಕಳಿಸುವ ನಾವು ಅತ್ಯಂತ ಜೋಪಾನವಾಗಿ ಹೇಳಿಕೊಡಬೇಕಾದದ್ದು ಇದನ್ನೇ. ಈ ಕಂತುಗಳನ್ನು ಮಗನೊಂದಿಗೆ ನೋಡಿದಾಗ ಅರ್ಧದಲ್ಲಿ ನಿಲ್ಲಿಸಿ ಕೇಳಿದೆ. ‘ಸ್ಯಾಮ್‌ಗೆ ಇಷ್ಟ ಇಲ್ಲದಿದ್ದರೆ ಹೇಳೋಕೆ ಆಗ್ತಿತ್ತಾ?’ ಅವನು ಸ್ವಲ್ಪ ಹೊತ್ತು ಯೋಚಿಸಿ, ‘ಹೇಳಿದ್ರೆ ಬೆಂಚ್‌ನಲ್ಲಿ ಕೂರಿಸ್ತಿದ್ರೇನೋ’ ಎಂದ.

ಇನ್ನೊಂದು, ಮದ್ಯ. ಯಾವ ದುಃಖ, ಯಾವ ಸಂತೋಷ ಬಂದರೂ ಇಲ್ಲಿ ಎಲ್ಲರೂ ಮೊದಲು ಪಬ್ಬಿಗೇ ಹೋಗುತ್ತಾರೆ. ಲಂಡನ್ನಿನ ಬೀದಿ ಮೂಲೆಯ ಪಬ್ ನಮ್ಮ ದರ್ಶಿನಿಯ ಹಾಗೆ ಎಂದು ಸಮಜಾಯಿಷಿ ಕೊಡಬಹುದು. ಆದರೂ ಬಿಯರ್ ಇಲ್ಲದೆ ಸ್ನೇಹದ ಮಾತೇ ಹೊರಡದು ಎಂಬ ಭಾವನೆ 34 ಕಂತುಗಳಲ್ಲಿ ಮೆಲ್ಲಗೆ ಇಳಿಯುತ್ತದೆ. ಕಲೆಯ ದೃಷ್ಟಿಯಿಂದಲೂ ಒಂದು ದೂರು ಇದೆ. ಮೂರನೆಯ ಸೀಸನ್ನಿನಲ್ಲಿ ಕಂತುಗಳು ಉದ್ದವಾಗಿ, ಎಲ್ಲರೂ ಎಲ್ಲರನ್ನೂ ಕ್ಷಮಿಸುವ ಆತುರದಲ್ಲಿ ಕತೆ ಸೊರಗಿದೆ. ಅಪಮಾನ ನುಂಗಿ ಬೆಳೆದ ನೇಟ್ ಎಂಬ ಸಹಾಯಕ, ಸ್ವಲ್ಪ ಅಧಿಕಾರ ಸಿಕ್ಕೊಡನೆ ತನಗಿಂತ ಕೆಳಗಿನವನನ್ನು ತುಳಿಯುತ್ತಾನೆ. ಮೊಬೈಲಿನಲ್ಲಿ ಅಪರಿಚಿತರು ತನ್ನ ಬಗ್ಗೆ ಬರೆದ ಹೊಗಳಿಕೆ, ತೆಗಳಿಕೆಗಳನ್ನೇ ಹುಡುಕುತ್ತ ಕೂರುತ್ತಾನೆ. ಎರಡನೆಯ ಸೀಸನ್ನಿನ ನೇಟ್‌ನಷ್ಟು ಸತ್ಯವಾದ ಪಾತ್ರವನ್ನು ನಾನು ಇತ್ತೀಚೆಗೆ ಕಂಡಿಲ್ಲ. ಆದರೆ ಅವನ ಪಶ್ಚಾತ್ತಾಪಕ್ಕೆ ಸಿಗಬೇಕಾದ ಸಮಯವನ್ನು ಮೂರನೆಯದರಲ್ಲಿ ಬೇರೆ ಯಾವುದೋ ಗೊಡವೆಗಳು ತಿಂದುಹಾಕಿವೆ.

ಹಾಗಾದರೆ ಇದರಲ್ಲಿ ಹದಿಹರೆಯದವರು ನೋಡಲೇಬೇಕಾದದ್ದು ಏನಿದೆ? ವಿಪರ್ಯಾಸವೆಂದರೆ, ‘ಪ್ರೌಢರಿಗೆ’ ಎಂದು ಮೊಹರು ಬೀಳಲು ಕಾರಣವಾದ ವಸ್ತುಗಳ ನಡುವೆಯೇ ಅದು ಇದೆ. ಮೂರನೆಯ ಸೀಸನ್ನಿನ ಎಂಟನೆಯ ಕಂತಿನಲ್ಲಿ ಅನೇಕರ ಖಾಸಗಿ ಚಿತ್ರಗಳು ಅಂತರ್ಜಾಲದಲ್ಲಿ ಸೋರಿಕೆಯಾಗುತ್ತವೆ. ಅವುಗಳಲ್ಲಿ ಕೀಲಿ ಎಂಬ ತರುಣಿಯ ವಿಡಿಯೊ ಕೂಡ ಇದೆ. ಅವಳನ್ನು ಪ್ರೀತಿಸಿದ್ದ ರಾಯ್ ಸಮಾಧಾನ ಹೇಳಲು ಬಂದು, ಅದನ್ನು ಯಾರಿಗಾಗಿ ಮಾಡಿದ್ದೆ ಎಂದು ಕೇಳಿಬಿಡುತ್ತಾನೆ. ಆ ಒಂದು ಪ್ರಶ್ನೆಗೆ ಅವಳ ಮುಖ ಮುಚ್ಚಿಕೊಳ್ಳುವ ರೀತಿಯನ್ನು ನೋಡಬೇಕು. ಅವಳ ಉದ್ಯಮಕ್ಕೆ ಹಣ ಹಾಕಿದವರು ಅವಳೇ ಕ್ಷಮೆ ಕೇಳಲಿ ಎಂದು ಹೇಳಿಕೆ ಸಿದ್ಧಪಡಿಸುತ್ತಾರೆ. ಅತ್ತ ಡ್ರೆಸ್ಸಿಂಗ್ ರೂಮಿನಲ್ಲಿ ನಾಯಕ ಐಸಾಕ್ ಎಲ್ಲ ಆಟಗಾರರೂ ತಮ್ಮ ಫೋನುಗಳಲ್ಲಿ ಇರುವ ಹಳೆಯ ಗೆಳತಿಯರ ಚಿತ್ರಗಳನ್ನು ಅಲ್ಲೇ ಅಳಿಸಬೇಕೆಂದು ನಿಲ್ಲುತ್ತಾನೆ.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಾಲೇಜೊಂದರಲ್ಲಿ ಒಬ್ಬ ವಿದ್ಯಾರ್ಥಿನಿಯ ಚಿತ್ರ ಹೀಗೆಯೇ ಕೈಯಿಂದ ಕೈಗೆ ಹೋಯಿತು. ಅವಳು ತರಗತಿಗೆ ಬರುವುದನ್ನೇ ನಿಲ್ಲಿಸಿದಳು. ಅಧ್ಯಾಪಕರ ಕೊಠಡಿಯಲ್ಲಿ ಅಂದು ಕೇಳಿಬಂದ ಮೊದಲ ಪ್ರಶ್ನೆ ರಾಯ್ ಕೇಳಿದ್ದೇ. ಕೇಳಿದವರಲ್ಲಿ ನಾನೂ ಒಬ್ಬಳು. ಹದಿನೆಂಟರ ಒಳಗಿನವರ ಇಂಥ ಚಿತ್ರವನ್ನು ಇಟ್ಟುಕೊಳ್ಳುವುದು, ದಾಟಿಸುವುದು ಪೋಕ್ಸೊ ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಗಳ ಪ್ರಕಾರ ಗಂಭೀರ ಅಪರಾಧ ಎಂದು ನಾವು ಮಕ್ಕಳಿಗೆ ಭಾಷಣ ಮಾಡುತ್ತೇವೆ, ಮಾಡಲೂಬೇಕು. ಆದರೆ ಆ ಗುಂಪಿನಲ್ಲಿ ಚಿತ್ರ ಬಂದ ಕ್ಷಣದಲ್ಲಿ ಹುಡುಗನೊಬ್ಬ ಏನು ಮಾಡಬೇಕು, ಏನು ಕೇಳಬಾರದು ಎಂಬುದನ್ನು ಮುಕ್ಕಾಲು ಗಂಟೆಯಲ್ಲಿ ಮನಸ್ಸಿಗೆ ತಟ್ಟಿಸುವ ಪಾಠ ನಮ್ಮ ಯಾವ ಪಠ್ಯದಲ್ಲಿದೆ?

ಅದರ ಮರು ಕಂತಿನಲ್ಲಿ ಕಾಲಿನ್ ಎಂಬ ಆಟಗಾರ ತಾನು ಸಲಿಂಗಿ ಎಂದು ತಂಡಕ್ಕೆ ಹೇಳಿಕೊಳ್ಳುತ್ತಾನೆ. ನಮಗೇನೂ ಅದರಿಂದ ವ್ಯತ್ಯಾಸವಿಲ್ಲ ಎಂದು ಎಲ್ಲರೂ ಉದಾರವಾಗಿ ಹೇಳಿದಾಗ, ಟೆಡ್ ಅದನ್ನು ಒಪ್ಪುವುದಿಲ್ಲ. ಒಬ್ಬನೇ ಹೊತ್ತುಕೊಂಡು ತಿರುಗಿದ್ದನ್ನು ಕೇಳಿದ ಮೇಲೂ ವ್ಯತ್ಯಾಸವಿಲ್ಲ ಎಂದರೆ ಹೇಗೆ ಎಂಬುದು ಅವನ ಧೋರಣೆ. ಇದು ಬರೀ ಕತೆಯಲ್ಲ. 2022ರ ಮೇ ತಿಂಗಳಲ್ಲಿ ಬ್ಲ್ಯಾಕ್‌ಪೂಲ್ ಕ್ಲಬ್ಬಿನ ಜೇಕ್ ಡೇನಿಯಲ್ಸ್ ಬಹಿರಂಗವಾಗಿ ಹೀಗೆ ಹೇಳಿಕೊಂಡ. ಬ್ರಿಟನ್ನಿನ ಪುರುಷರ ವೃತ್ತಿಪರ ಫುಟ್‌ಬಾಲ್‌ನಲ್ಲಿ, ಆಡುತ್ತಿರುವಾಗಲೇ ಹಾಗೆ ಹೇಳಿಕೊಂಡವರಲ್ಲಿ 1990ರ ಜಸ್ಟಿನ್ ಫಶಾನು ನಂತರ ಅವನೇ ಮೊದಲಿಗ. ಆಗ ಡೇನಿಯಲ್ಸ್‌ನ ವಯಸ್ಸು ಹದಿನೇಳು. ಹದಿನೇಳಕ್ಕಿಂತ ಕಿರಿಯರು ನೋಡಬಾರದ ವಿಷಯವನ್ನು ಅವನು ಅದಕ್ಕೆ ಮೊದಲೇ ವರ್ಷಗಟ್ಟಲೆ ಬದುಕಿದ್ದಿರಬೇಕು.

ಇನ್ನು ಅಪ್ಪಂದಿರ ವಿಷಯ. ಜೇಮಿ ಟಾರ್ಟ್ ಎಂಬ ಸೊಕ್ಕಿನ ಆಟಗಾರ ಮೊದಲ ಸೀಸನ್ನಿನ ಕೊನೆಯಲ್ಲಿ ತಾನು ಗೋಲು ಹೊಡೆಯುವ ಬದಲು ಜೊತೆಗಾರನಿಗೆ ಚೆಂಡು ಕೊಡುತ್ತಾನೆ, ಅವನ ತಂಡ ಗೆಲ್ಲುತ್ತದೆ. ಪಂದ್ಯದ ನಂತರ ಅವನ ತಂದೆ, ನೀನೇ ಏಕೆ ಹೊಡೆಯಲಿಲ್ಲವೆಂದು ಅಬ್ಬರಿಸಿ ಬೂಟು ಎಸೆಯುತ್ತಾನೆ. ಇದನ್ನು ನೋಡಿ ಬೆಚ್ಚುವ ನಾವು ಭಾನುವಾರದ ಕಲ್ಲುಬೆಂಚಿನಿಂದ ಕೂಗುವುದೇನು? ‘ಪಾಸ್ ಯಾಕೋ ಕೊಟ್ಟೆ, ನೀನೇ ಹೊಡಿಯೋ!’ ಎರಡನೆಯ ಸೀಸನ್ನಿನಲ್ಲಿ ವೆಂಬ್ಲಿಯಲ್ಲಿ ಸೋತ ತಂಡದ ಕೋಣೆಗೆ ಅದೇ ತಂದೆ ಕುಡಿದು ನುಗ್ಗಿ ಎಲ್ಲರೆದುರು ಮಗನನ್ನು ಹೀಯಾಳಿಸುತ್ತಾನೆ. ಮಗ ಹೊಡೆದು, ಬೆದರಿ ನಿಂತಾಗ, ಅವನನ್ನು ಕಂಡರಾಗದ ರಾಯ್ ಮಾತಿಲ್ಲದೆ ಬಂದು ತಬ್ಬಿಕೊಳ್ಳುತ್ತಾನೆ. ಗಂಡುಮಕ್ಕಳ ಅಪ್ಪಂದಿರು ಈ ಕಂತನ್ನು ಮಕ್ಕಳಿಗಿಂತ ಮೊದಲು ನೋಡುವುದು ಒಳ್ಳೆಯದು.

ಇಷ್ಟೆಲ್ಲ ತೀರ್ಪು ಕೊಟ್ಟ ನಾನೇ ಒಂದು ಕಂತನ್ನು ಮಗನಿಂದ ಬಚ್ಚಿಡಲು ನೋಡಿದೆ ಎಂಬುದನ್ನೂ ಹೇಳಬೇಕು. ಟೆಡ್‌ನ ಸದಾ ನಗುವ ಮುಖದ ಹಿಂದೆ ಆಗಾಗ ಉಸಿರು ಕಟ್ಟಿಸುವ ಭೀತಿಯ ಸೆಳೆತವಿದೆ. ಅದರ ಬೇರು ತಿಳಿಯುವುದು ಎರಡನೆಯ ಸೀಸನ್ನಿನ ಹತ್ತನೆಯ ಕಂತಿನಲ್ಲಿ. ಅವನ ಹದಿನಾರನೆಯ ವಯಸ್ಸಿನಲ್ಲಿ ತಂದೆ ಆತ್ಮಹತ್ಯೆ ಮಾಡಿಕೊಂಡಿದ್ದರು. ತಂಡದ ಮನಶ್ಶಾಸ್ತ್ರಜ್ಞೆ ಶ್ಯಾರನ್ ಎದುರು ಅವನು ಮೊದಲು ಆಡುವುದು ತಂದೆಯ ಮೇಲಿನ ಸಿಟ್ಟನ್ನು. ಆಮೇಲೆ, ನಿಧಾನವಾಗಿ, ಅವರ ಪ್ರೀತಿಯನ್ನು. ಪರೀಕ್ಷೆಯ ಮುನ್ನಾದಿನ ಮಗ ಓದಿರದ ಪುಸ್ತಕವನ್ನು ತಾವೇ ಓದಿ ಕತೆ ಹೇಳಿದ್ದ ಅಪ್ಪ. ಒಳ್ಳೆಯ ಅಪ್ಪನಾಗಿದ್ದೆ ಎಂದು ಅವರಿಗೆ ನಾನು ಹೇಳಬೇಕಿತ್ತು ಎಂದು ಟೆಡ್ ಅಳುತ್ತಾನೆ. ಇಂಥ ಕಂತುಗಳ ಕಾರಣಕ್ಕೇ 2023ರ ಮಾರ್ಚ್‌ನಲ್ಲಿ ಈ ಕಲಾವಿದರನ್ನು ಮಾನಸಿಕ ಆರೋಗ್ಯದ ಬಗ್ಗೆ ಮಾತನಾಡಲು ಶ್ವೇತಭವನಕ್ಕೆ ಕರೆಸಿದ್ದರು.

ಗುಂಪಿನ ಪೋಷಕರಿಗೆ ಬರೆಯಲು ಮಾಡಿಕೊಂಡ ಟಿಪ್ಪಣಿಯಲ್ಲಿ ಈ ಕಂತಿನ ಎದುರು ‘ಬೇಡ’ ಎಂದು ಬರೆದಿದ್ದೆ. ಕಾರಣ ಮಕ್ಕಳಿಗೆ ಭಾರವಾದೀತು ಎಂದು. ನಿಜವಾದ ಕಾರಣ ಬೇರೆ. ನನ್ನ ತಮ್ಮ ತೀರಿಕೊಂಡಾಗ ಮಗನಿಗೆ ಮೂರು ವರ್ಷ. ಅವನಿಗೂ, ನೆಂಟರಿಗೂ, ಬೀದಿಯವರಿಗೂ ನಾವು ಹೇಳಿದ್ದು ಹೃದಯಾಘಾತ ಎಂದು. ಹನ್ನೆರಡು ವರ್ಷ ಅದನ್ನೇ ಹೇಳಿಕೊಂಡು ಬಂದೆವು. ಆ ಕಂತನ್ನು ದಾಟಿಸಿ ಹನ್ನೊಂದನೆಯದನ್ನು ಹಚ್ಚಿದಾಗ ಮಗ ಸಂಖ್ಯೆ ನೋಡಿ, ಒಂದು ಬಿಟ್ಟು ಹೋಯಿತಲ್ಲ ಎಂದ. ಅಮ್ಮ ಒಳಗೆ ಮಲಗಿದ್ದರು. ಹಚ್ಚಿದೆ. ಮುಗಿದ ಮೇಲೆ ಅವನು ಪರದೆಯ ಕಡೆಗೇ ನೋಡುತ್ತ ಕೇಳಿದ: ‘ಅಮ್ಮ, ಮಾವಂದೂ ಹೀಗೇನಾ?’

ಅವನಿಗೆ ಎಂದಿನಿಂದ ಅನುಮಾನವಿತ್ತೋ ತಿಳಿಯದು. ಮಕ್ಕಳಿಗೆ ದೊಡ್ಡವರು ಮಾತು ನಿಲ್ಲಿಸುವ ಜಾಗಗಳು ಬೇಗ ಗುರುತಾಗುತ್ತವೆ. ಹೌದು ಎಂದೆ. ರಾತ್ರಿ ಒಂದರವರೆಗೆ ಮಾತನಾಡಿದೆವು. ಮಾವ ತನಗೆ ಮರದ ಬಸ್ಸು ತಂದುಕೊಟ್ಟದ್ದು ಅವನಿಗೆ ಮಸುಕಾಗಿ ನೆನಪಿತ್ತು. ಸಹಾಯ ಕೇಳುವುದು ನಾಚಿಕೆಯ ವಿಷಯವಲ್ಲ ಎಂದು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿಲ್ಲ! ಮನೆಯಲ್ಲಿ ಅದೇ ಮೊದಲು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಗೆ ನಮ್ಮ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. ಅದರ 14416 ಸಂಖ್ಯೆಯನ್ನು ಅವನ ಫೋನಿನಲ್ಲೂ ನನ್ನದರಲ್ಲೂ ಸೇರಿಸಿದೆವು. ಈ ಲೇಖನ ಕಳಿಸುವ ಮೊದಲು ಅಮ್ಮನಿಗೆ ಓದಿ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದು, ‘ಬರಿ’ ಎಂದರು.

ಯಾವ ಮನೆಯಲ್ಲಿ ಏನನ್ನು ಮುಚ್ಚಿಟ್ಟಿದ್ದಾರೆ ಎಂಬುದು ಮೊಹರು ಒತ್ತುವವರಿಗೆ ಹೇಗೆ ತಿಳಿದೀತು? ಅದೇ ಕಾರಣಕ್ಕೆ, ಇದೇ ಕಂತು ಇನ್ನೊಂದು ಮನೆಯ ಹದಿನೈದರ ಮಗುವಿಗೆ, ಒಂಟಿಯಾಗಿ, ಹೊದಿಕೆಯ ಕೆಳಗೆ ಫೋನಿನಲ್ಲಿ ನೋಡಿದರೆ ಅಪಾಯವೂ ಆಗಬಹುದು. ಆದ್ದರಿಂದ ಎಲ್ಲ ಮಕ್ಕಳೂ ನೋಡಬಹುದು ಎಂದು ನಾನು ಹೇಳಲಾರೆ, ಹೇಳಲಿಲ್ಲ.

ಗುಂಪಿಗೆ ನಾನು ಬರೆದದ್ದು ಇಷ್ಟು. ಹದಿನಾಲ್ಕರ ಒಳಗಿನವರಿಗೆ ಇದು ಬೇಡ. ಬೈಗುಳಕ್ಕಿಂತ ಹೆಚ್ಚಾಗಿ, ಇದರ ಹಾಸ್ಯದ ಹಿಂದಿನ ನೋವು ಅವರಿಗೆ ತಿಳಿಯುವುದಿಲ್ಲ ಎಂಬ ಕಾರಣಕ್ಕೆ. ಹದಿನೈದು, ಹದಿನಾರರವರು ನೋಡಬಹುದು, ಆದರೆ ಹಾಲ್‌ನ ಟಿ.ವಿ.ಯಲ್ಲಿ, ಮನೆಯ ದೊಡ್ಡವರೊಬ್ಬರು ಜೊತೆಗಿದ್ದು, ಒಂದು ಸಂಜೆಗೆ ಒಂದೇ ಕಂತು. ಮನೆಯಲ್ಲಿ ಸಾವು, ಖಿನ್ನತೆಯ ನೆರಳಿದ್ದರೆ ಎರಡನೆಯ ಸೀಸನ್ನಿನ ಹತ್ತನೆಯ ಕಂತನ್ನು ದೊಡ್ಡವರು ಮೊದಲು ನೋಡಿ ತೀರ್ಮಾನಿಸಬೇಕು. ಕೋಚ್ ಎಲ್ಲ ವಯಸ್ಸಿನವರಿಗೂ ಒಂದೇ ಸಂದೇಶ ಕಳಿಸಿದ್ದು ತಪ್ಪು. ಆ ತಪ್ಪಿಗೆ ಕೆಲಸ ಕಳೆಯುವ ಶಿಕ್ಷೆ ಅದಕ್ಕಿಂತ ದೊಡ್ಡ ತಪ್ಪು.

ಆ ಯುವಕ ಗುಂಪಿನಲ್ಲಿ ಕ್ಷಮೆ ಕೇಳಿದ. ದೂರು ಹೋಗಲಿಲ್ಲ. ಟಿ.ವಿ. ಆರಿಸಿದ ತಂದೆ ಮುಂದಿನ ಭಾನುವಾರ ನನ್ನ ಪಕ್ಕ ಬಂದು ಕೂತು, ‘ಮೂವತ್ತನಾಲ್ಕು ಕಂತು ಕೂತು ನೋಡೋಕೆ ನಮಗೆಲ್ಲಿ ಪುರುಸೊತ್ತು ಮೇಡಂ? ಮೊಹರು ಇರೋದೇ ಅದಕ್ಕಲ್ಲವೇ?’ ಎಂದು ಕೇಳಿದರು. ನ್ಯಾಯವಾದ ಮಾತೇ. ವೆಂಬ್ಲಿಯ ಆ ಒಂದು ಕಂತನ್ನಾದರೂ ನೋಡಿ ಎಂದೆ. ಅಷ್ಟರಲ್ಲಿ ಅವರ ಮಗನ ಕಾಲಿಗೆ ಚೆಂಡು ಬಂತು. ಅವರು ಎದ್ದು ನಿಂತು ಬಾಯಿ ತೆರೆದವರು, ನನ್ನ ಕಡೆ ನೋಡಿ ಮತ್ತೆ ಕೂತರು.